ಗಡ್ಡ ನೆನೆಯುವ ಹೊತ್ತು

ಜಿನೀವಾದ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಆಲ್ಪ್ಸ್ ಬೆಟ್ಟಗಳನ್ನು ಹತ್ತಿ ಅಲ್ಲಿನ ಗಾಳಿ, ಹಿಮ, ಬಂಡೆಗಳನ್ನು ಅಭ್ಯಾಸ ಮಾಡಿದವನು. ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಅಳೆಯಲು ಅವನು ಆರಿಸಿಕೊಂಡ ಸಾಮಗ್ರಿ ಮನುಷ್ಯನ ತಲೆಗೂದಲು. ಕೂದಲಿನ ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿಯನ್ನು ಮುಳ್ಳಿರುವ ಪುಟ್ಟ ಗಾಲಿಗೆ ಸುತ್ತಿದರೆ ಆಯಿತು. ತೇವ ಏರಿದಾಗ ಕೂದಲು ನೀಳವಾಗುತ್ತದೆ, ಮುಳ್ಳು ಒಂದು ಕಡೆ ಸರಿಯುತ್ತದೆ. ಹವೆ ಒಣಗಿದಾಗ ಕೂದಲು ಕುಗ್ಗುತ್ತದೆ, ಮುಳ್ಳು ಹಿಂದಕ್ಕೆ ಬರುತ್ತದೆ. 1783ರಲ್ಲಿ ಅವನು ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ. ಅಲ್ಲಿಂದ ಮುಂದೆ ಜಗತ್ತಿನ ಹವಾಮಾನ ವೀಕ್ಷಣಾಲಯಗಳಲ್ಲಿ, ನಮ್ಮ ದೇಶದವುಗಳಲ್ಲೂ, ಕೂದಲಿನ ತೇವಮಾಪಕ ಬಹುಕಾಲ ಕೆಲಸ ಮಾಡಿತು.

ಈ ಉಪಕರಣದಲ್ಲಿ ಒಂದು ಸೂಕ್ಷ್ಮವಿತ್ತು. ಕೂದಲನ್ನು ಕಟ್ಟುವ ಮೊದಲು ಸೊಸ್ಯೂರ್ ಅದನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ. ಜಿಡ್ಡು ಹೋಗದ ಕೂದಲು ತೇವಕ್ಕೆ ತಕ್ಷಣ ಸ್ಪಂದಿಸುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕೂದಲಿಗೆ ನೀರು ಬೇಕು, ನೀರಿಗೆ ದಾರಿ ಬೇಕು. ಕ್ಷೌರದಂಗಡಿಯಲ್ಲಿ ಗಡ್ಡದ ಮೇಲೆ ಬಿಸಿ ಟವೆಲ್ ಸುತ್ತಿ ಕೂರಿಸುವ ಪದ್ಧತಿಯ ವಿಜ್ಞಾನವೆಲ್ಲ ಬಹುಮಟ್ಟಿಗೆ ಈ ಎರಡು ಮಾತುಗಳ ಸುತ್ತಲೇ ಇದೆ.

ಬಿಸಿ ಟವೆಲ್ ಎಂದಾಗ ನಮ್ಮ ಗಮನ ಹೋಗುವುದು ಬಿಸಿಯ ಕಡೆಗೆ. ಮುಖಕ್ಕೆ ತಾಗುವ ಹಿತವಾದ ಶಾಖ, ಮೇಲೇಳುವ ಹಬೆ, ಮುಚ್ಚಿಕೊಳ್ಳುವ ಕಣ್ಣು. ಆದರೆ ಗಡ್ಡವನ್ನು ಮೆತ್ತಗಾಗಿಸುವುದು ನೀರು. ಶಾಖ ಆ ನೀರನ್ನು ಬೇಗ ಒಳಗೆ ಹೋಗುವಂತೆ ಮಾಡುತ್ತದೆ, ಟವೆಲ್ ಅದನ್ನು ಅಲ್ಲೇ ಹಿಡಿದಿಡುತ್ತದೆ. ಈ ಅನುಕ್ರಮ ಮನಸ್ಸಿನಲ್ಲಿದ್ದರೆ ಯಾವುದು ಮುಖ್ಯ, ಯಾವುದು ಬರಿಯ ಆಡಂಬರ ಎಂಬುದು ತಾನಾಗಿ ಹೊಳೆಯುತ್ತದೆ.

ಕೂದಲಿನ ಹೊರಮೈಯಲ್ಲಿ ಒಂದರ ಮೇಲೊಂದು ಹೊದಿಸಿದ ತೆಳು ಹಲ್ಲೆಗಳಿವೆ. ಅವುಗಳ ಒಳಗೆ ಉದ್ದುದ್ದಕ್ಕೆ ಜೋಡಿಸಿಟ್ಟ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು. ಕುರಿಯ ಉಣ್ಣೆ, ನಮ್ಮ ಉಗುರು, ದನದ ಕೊಂಬು ಎಲ್ಲವೂ ಇದೇ ಕುಟುಂಬದ ಪ್ರೋಟೀನುಗಳಿಂದ ಆದವು. ಉಣ್ಣೆಯ ಗಿರಣಿಗಳಿಗೆ ಹೆಸರಾದ ಇಂಗ್ಲೆಂಡಿನ ಲೀಡ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಉಣ್ಣೆಯ ಎಳೆಯ ಮೂಲಕ ಕ್ಷ-ಕಿರಣ ಹಾಯಿಸಿ ನೋಡಿದರು. ಸಹಜ ಸ್ಥಿತಿಯ ಎಳೆ ಒಂದು ಬಗೆಯ ಚಿತ್ರ ಕೊಟ್ಟಿತು. ಹಸಿಯಾಗಿ ಎಳೆದು ಹಿಗ್ಗಿಸಿದ ಎಳೆ ಬೇರೆಯದೇ ಚಿತ್ರ ಕೊಟ್ಟಿತು. ಕೆರಾಟಿನ್ ಅಣು ಮಡಚಿಕೊಂಡಿದೆ, ಎಳೆದಾಗ ಬಿಚ್ಚಿಕೊಳ್ಳುತ್ತದೆ ಎಂದು ಅವರು ಊಹಿಸಿದರು. ಆ ಮಡಿಕೆ ಸುರುಳಿಯಾಕಾರದ್ದು ಎಂದು 1951ರಲ್ಲಿ ತೋರಿಸಿಕೊಟ್ಟವರು ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು. ಉಣ್ಣೆಯ ವ್ಯಾಪಾರಿಗಳ ಹಿತಕ್ಕಾಗಿ ಹೊರಟ ಸಂಶೋಧನೆ ಜೀವವಿಜ್ಞಾನದ ಅಡಿಪಾಯಕ್ಕೇ ಕಲ್ಲು ಹಾಕಿದ ಈ ಪ್ರಸಂಗ ನನಗೆ ಬಹಳ ಮೆಚ್ಚು.

ಈ ಸುರುಳಿಗಳನ್ನು ಹಿಡಿದಿಟ್ಟ ಬಂಧಗಳಲ್ಲಿ ಮುಖ್ಯವಾಗಿ ಎರಡು ಬಗೆ. ಗಂಧಕದ ಪರಮಾಣುಗಳ ನಡುವಿನ ಬಂಧ ಗಟ್ಟಿ. ನೀರಿಗೆ ಅದು ಜಗ್ಗುವುದಿಲ್ಲ. ಅದನ್ನು ಮುರಿಯಲು ಕೂದಲು ತೆಗೆಯುವ ಕ್ರೀಮಿನಂಥ ರಾಸಾಯನಿಕವೇ ಬೇಕು. ಇನ್ನೊಂದು ಜಲಜನಕದ ಬಂಧ. ಒಂದೊಂದನ್ನೇ ತೆಗೆದುಕೊಂಡರೆ ದುರ್ಬಲ, ಆದರೆ ಸಂಖ್ಯೆಯಲ್ಲಿ ಅಪಾರ. ಒಣಗಿದ ಗಡ್ಡ ಬಿರುಸಾಗಿರಲು ಬಹುಪಾಲು ಇವೇ ಕಾರಣ. ನೀರಿನ ಅಣು ಒಳನುಗ್ಗಿದಾಗ ಈ ಬಂಧಗಳ ನಡುವೆ ತಾನೇ ತೂರಿಕೊಂಡು ಜಾಗ ಹಿಡಿಯುತ್ತದೆ. ಎಳೆಗಳು ಒಂದರ ಮೇಲೊಂದು ಸರಿದಾಡಲು ಸ್ವತಂತ್ರವಾಗುತ್ತವೆ. ಗಂಜಿ ಹಾಕಿದ ಪಂಚೆಗೆ ಇಸ್ತ್ರಿಯವನು ಮೊದಲು ನೀರು ಚಿಮುಕಿಸುವುದೂ ಇದಕ್ಕೇ. ಅಲ್ಲಿ ಹತ್ತಿಯ ಸೆಲ್ಯುಲೋಸ್, ಇಲ್ಲಿ ಕೆರಾಟಿನ್; ಬಿಡಿಸಬೇಕಾದ ಬಂಧ ಮಾತ್ರ ಒಂದೇ.

ನೆನೆದ ಕೂದಲಿನ ಲೆಕ್ಕ ಬೆರಗು ಹುಟ್ಟಿಸುವಂಥದು. ಅದು ತನ್ನ ತೂಕದ ನೂರಕ್ಕೆ ಮೂವತ್ತರಷ್ಟು ನೀರನ್ನು ಒಳಗೆ ಹಿಡಿದುಕೊಳ್ಳಬಲ್ಲದು. ಉದ್ದದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ ಹಿಗ್ಗುತ್ತದೆ. ಸೊಸ್ಯೂರ್ ಅಳೆದದ್ದು ಈ ಪುಟ್ಟ ಬದಲಾವಣೆಯನ್ನೇ. ದಪ್ಪದಲ್ಲಾದರೋ ನೂರಕ್ಕೆ ಹದಿನೈದರ ಆಸುಪಾಸು ಉಬ್ಬುತ್ತದೆ. ಎಳೆಗಳು ಉದ್ದುದ್ದಕ್ಕೆ ಜೋಡಿಸಿಕೊಂಡಿರುವುದರಿಂದ ನೀರು ಅವುಗಳನ್ನು ಅಕ್ಕಪಕ್ಕಕ್ಕೆ ತಳ್ಳುತ್ತದೆಯೇ ಹೊರತು ಉದ್ದಕ್ಕೆ ಎಳೆಯುವುದಿಲ್ಲ. ಪೂರ್ತಿ ನೆನೆದ ಕೂದಲನ್ನು ತುಸು ಹಿಗ್ಗಿಸಲು ಒಣ ಕೂದಲಿಗೆ ಬೇಕಾದ ಬಲದ ಅರ್ಧಕ್ಕಿಂತ ಕಡಿಮೆ ಸಾಕು. ಕತ್ತರಿಸಲು ಬೇಕಾದ ಬಲವೂ ಹಾಗೆಯೇ ಗಣನೀಯವಾಗಿ ಇಳಿಯುತ್ತದೆ.

ಬರಿಯ ಶಾಖದಿಂದ ಈ ಕೆಲಸ ಆಗದೇ? ಆಗುತ್ತದೆ, ಆದರೆ ಮುಖ ತಡೆದುಕೊಳ್ಳುವ ಶಾಖದಲ್ಲಲ್ಲ. ಕೂದಲು ನೇರ ಮಾಡುವ ಇಸ್ತ್ರಿ ಸಾಧನಗಳು 150ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ. ಒಣ ಕೆರಾಟಿನ್ ಮಣಿಯಬೇಕಾದರೆ ಅಷ್ಟು ಬೇಕು. ಅದೇ ಕೆರಾಟಿನ್ ನೀರು ಕುಡಿದಿದ್ದರೆ ಸಾಮಾನ್ಯ ಕೋಣೆಯ ಉಷ್ಣತೆಯಲ್ಲೇ ಮೆತ್ತಗಿರುತ್ತದೆ. ಚೆನ್ನಾಗಿ ಹಿಂಡಿ, ಹೆಚ್ಚುಕಡಿಮೆ ಒಣಗಿಸಿದ ಸುಡುಬಟ್ಟೆಯನ್ನು ಮುಖಕ್ಕೆ ಒತ್ತಿದರೆ ಹಿತವಾದೀತು, ಗಡ್ಡಕ್ಕೆ ಹದ ಬಾರದು.

ಹಾಗಾದರೆ ಬಿಸಿ ಏಕೆ? ಹೊತ್ತಿನ ಉಳಿತಾಯಕ್ಕೆ. ನೀರು ಕೂದಲಿನ ಹೊರಗಿನಿಂದ ನಡುವಿನವರೆಗೆ ಅಣು ಅಣುವಾಗಿ ಇಳಿಯಬೇಕು. ಇಂಥ ಇಳಿತಕ್ಕೆ ಬೇಕಾದ ಸಮಯ ದಪ್ಪದ ವರ್ಗದಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ತಲೆಗೂದಲಿಗಿಂತ ಗಡ್ಡದ ಕೂದಲು ದಪ್ಪ; ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಅದು ಮೀರಬಲ್ಲದು. ಹರಕೆಯ ಮುಡಿ ಕೊಡಲು ತಿರುಮಲೆಯ ಕಲ್ಯಾಣಕಟ್ಟೆಗೆ ಹೋದವರು ನಲ್ಲಿಯಡಿ ತಲೆ ಒಡ್ಡಿ ನೆನೆಸಿಕೊಂಡು ಬಂದು ಕೂರುತ್ತಾರೆ. ತಲೆಗೂದಲಿಗೆ ಅಷ್ಟು ಸಾಕು. ಗಡ್ಡಕ್ಕೆ, ಅದರಲ್ಲೂ ತುಟಿಯ ಕೆಳಗಿನ ಮತ್ತು ಗಲ್ಲದ ಒರಟು ಕೂದಲಿಗೆ, ಒಂದೆರಡು ಬೊಗಸೆ ನೀರು ಎರಚಿ ಕತ್ತಿ ಹಿಡಿದರೆ ಸಾಲದು. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಬೇಕು, ತಣ್ಣೀರಿನಲ್ಲಿ ಇನ್ನೂ ಹೆಚ್ಚು. 1937ರಲ್ಲಿ ಹೊಲಾಂಡರ್ ಮತ್ತು ಕ್ಯಾಸಲ್ಮನ್ ಎಂಬಿಬ್ಬರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ತೃಪ್ತಿಕರ ಕ್ಷೌರಕ್ಕೆ ಏನೇನು ಬೇಕು ಎಂಬುದನ್ನೇ ವಿಷಯವಾಗಿಸಿಕೊಂಡು ಪ್ರಬಂಧ ಬರೆದರು. ದಿನವೂ ಕೋಟ್ಯಂತರ ಜನ ಮಾಡುವ ಕೆಲಸವೊಂದು ಪ್ರಯೋಗಶಾಲೆಯ ಗೌರವ ಪಡೆಯಲು ಅಷ್ಟು ಕಾಲ ಬೇಕಾಯಿತು.

ತಣ್ಣೀರಿನಲ್ಲೂ ಹದ ಬರುತ್ತದೆ ಎಂಬುದಕ್ಕೆ ನಮ್ಮ ಹಳ್ಳಿಗಳ ಹಳೆಯ ಕ್ಷೌರಿಕರೇ ಸಾಕ್ಷಿ. ಅರಳಿಕಟ್ಟೆಯ ಬಳಿಯೋ ಮನೆಯ ಜಗಲಿಯಲ್ಲೋ ಕೂರಿಸಿಕೊಂಡು, ಪುಟ್ಟ ಬಟ್ಟಲಿನ ನೀರಲ್ಲಿ ಬೆರಳು ಅದ್ದಿ ಅದ್ದಿ ಗಲ್ಲವನ್ನು ತಿಕ್ಕುತ್ತಿದ್ದರು. ಸಾಬೂನು ಎಲ್ಲ ಕಡೆ ಇರಲಿಲ್ಲ, ಬಿಸಿನೀರೂ ಇರಲಿಲ್ಲ. ಆದರೆ ಆ ತಿಕ್ಕಾಟ ಎರಡು ಕೆಲಸ ಮಾಡುತ್ತಿತ್ತು: ಜಿಡ್ಡನ್ನು ಸರಿಸಿ ನೀರಿಗೆ ದಾರಿ ಮಾಡುತ್ತಿತ್ತು, ಮತ್ತು ನೀರಿಗೆ ಬೇಕಾದ ನಿಮಿಷಗಳನ್ನು ಒದಗಿಸುತ್ತಿತ್ತು. ಊರ ಸುದ್ದಿ ಹೇಳುತ್ತ ಕಳೆದ ಆ ಹೊತ್ತು ದಂಡವಲ್ಲ, ಕೆಲಸದ ಅರ್ಧ ಭಾಗವೇ ಅದು. ಇಂದಿನ ಎಷ್ಟೋ ಅಂಗಡಿಗಳಲ್ಲಿ ನೊರೆ ಎಳೆದ ಮರುಕ್ಷಣ ಬ್ಲೇಡು ಹಿಡಿಯುವುದನ್ನು ಕಂಡಾಗ, ಆ ಹಿರಿಯರು ವಿಜ್ಞಾನಕ್ಕೆ ಹೆಚ್ಚು ಹತ್ತಿರವಿದ್ದರು ಅನ್ನಿಸುತ್ತದೆ.

ಜಿಡ್ಡಿನ ಮಾತಿಗೆ ಬರೋಣ. ಪ್ರತಿ ಕೂದಲಿನ ಬುಡದಲ್ಲೂ ಎಣ್ಣೆಯೊಸರುವ ಗ್ರಂಥಿಯಿದೆ. ಮುಖದಲ್ಲಿ ಇವು ದೊಡ್ಡವು, ಚುರುಕಿನವು. ಈ ಎಣ್ಣೆ ಕೂದಲಿನ ಮೇಲೆ ತೆಳುವಾಗಿ ಹರಡಿ ನೀರನ್ನು ತಡೆಯುತ್ತದೆ. ಬೆಚ್ಚಗಿನ ನೀರಿಗೆ ಅದು ಸಡಿಲಾಗುತ್ತದೆ ನಿಜ, ಆದರೆ ಪೂರ್ತಿ ಕಳಚುವುದು ಸಾಬೂನಿಗೇ. ಆದ್ದರಿಂದ ಮೊದಲು ಮುಖವನ್ನು ಸಾಬೂನಿನಿಂದ ತೊಳೆದು, ಒರೆಸದೆ, ಆ ಹಸಿಮುಖದ ಮೇಲೆ ಟವೆಲ್ ಹಾಕುವುದು ಸರಿಯಾದ ಕ್ರಮ. ಬಹಳ ಕಡೆ ಇದು ತಿರುವುಮುರುವಾಗಿರುತ್ತದೆ: ಜಿಡ್ಡುಮುಖಕ್ಕೆ ನೇರ ಟವೆಲ್, ಆಮೇಲೆ ಸಾಬೂನು. ಕೆಲವರು ಟವೆಲ್‌ಗೂ ಮೊದಲು ಎಣ್ಣೆ ಸವರುತ್ತಾರೆ. ಕತ್ತಿ ಜಾರಲು ಎಣ್ಣೆ ಒಳ್ಳೆಯದೇ, ಆದರೆ ಅದರ ಸ್ಥಾನ ಕೂದಲು ನೀರು ಕುಡಿದ ಮೇಲೆ.

ಬಿಸಿ ಟವೆಲ್ ಕುರಿತು ಎರಡು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ಶಾಖಕ್ಕೆ ಚರ್ಮದ ರಂಧ್ರಗಳು ತೆರೆದುಕೊಳ್ಳುತ್ತವೆ ಎಂಬುದು ಒಂದು. ರಂಧ್ರಗಳಿಗೆ ತೆರೆದು ಮುಚ್ಚುವ ಸ್ನಾಯುಗಳಿಲ್ಲ. ಒಳಗಿನ ಜಿಡ್ಡು ಮೆತ್ತಗಾಗಿ ಹೊರಬಂದಾಗ ನಮಗೆ ಹಾಗೆ ತೋರುತ್ತದೆ ಅಷ್ಟೆ. ಶಾಖಕ್ಕೆ ಕೂದಲು ನಿಮಿರಿ ನಿಲ್ಲುತ್ತದೆ ಎಂಬುದು ಇನ್ನೊಂದು. ಇದು ನಿಜಕ್ಕೆ ತದ್ವಿರುದ್ಧ. ಕೂದಲಿನ ಬುಡಕ್ಕೆ ಅಂಟಿದ ಸಣ್ಣ ಸ್ನಾಯುಗಳು ಬಿಗಿಯುವುದು ಚಳಿಗೆ, ಭಯಕ್ಕೆ. ರೋಮಾಂಚನ ಎನ್ನುವುದು ಅದನ್ನೇ. ಶಾಖಕ್ಕೆ ಅವು ಸಡಿಲಗೊಳ್ಳುತ್ತವೆ. ಗಡ್ಡವನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಮಾಡುವುದು ಬ್ರಷ್ಷಿನ ಸುತ್ತಾಟ ಮತ್ತು ದಪ್ಪನೆಯ ನೊರೆ. ಆಚರಣೆ ಸರಿ, ಅದಕ್ಕೆ ಕೊಟ್ಟ ವಿವರಣೆ ತಪ್ಪು ಎನ್ನುವ ಪ್ರಸಂಗ ಕೈಕಸುಬುಗಳಲ್ಲಿ ಆಗಾಗ ಎದುರಾಗುತ್ತದೆ. ವಿವರಣೆ ಬಿದ್ದುಹೋಯಿತೆಂದು ಆಚರಣೆಯನ್ನೇ ಬಿಸುಟರೆ ನಷ್ಟ ನಮಗೆ.

ಈಗ ಟವೆಲ್ಲನ್ನೇ ನೋಡೋಣ. ನಾವು ಟರ್ಕಿ ಟವೆಲ್ ಎನ್ನುವ, ಮೈತುಂಬ ದಾರದ ಕುಣಿಕೆಗಳಿರುವ ಬಟ್ಟೆ ನಿಜಕ್ಕೂ ಟರ್ಕಿಯಿಂದ ಬಂದದ್ದು. ಮ್ಯಾಂಚೆಸ್ಟರಿನ ಕ್ರಿಸ್ಟಿ ಮನೆತನದವರು ಅಲ್ಲಿ ಕಂಡದ್ದನ್ನು ಯಂತ್ರದಲ್ಲಿ ನೇಯಿಸಿ, 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಇಟ್ಟರು. ಆ ಕುಣಿಕೆಗಳು ನೀರನ್ನು ಹೀರಿ ಹಿಡಿಯುತ್ತವೆ, ಜೊತೆಗೆ ಗಡ್ಡದ ಮೊನೆಗಳ ಸಂದುಗಳಿಗೆ ತಾವೇ ಇಳಿದು ಪ್ರತಿ ಕೂದಲಿನ ಸುತ್ತ ನೀರು ನಿಲ್ಲಿಸುತ್ತವೆ. ಮುಖಕ್ಕೆ ಸುರಿದ ನೀರು ಜಾರಿಹೋಗುತ್ತದೆ. ಟವೆಲ್ಲಿನ ನೀರು ಕಾದು ಕೂರುತ್ತದೆ.

ಆದರೆ ಟವೆಲ್ ಬೇಗ ಆರುತ್ತದೆ, ಮತ್ತು ಏಕೆ ಆರುತ್ತದೆ ಎಂಬ ಲೆಕ್ಕ ಕುತೂಹಲಕರ. ಒಂದು ಟವೆಲ್ 200 ಗ್ರಾಂ ನೀರನ್ನು 45 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಿಡಿದಿದೆ ಎಂದುಕೊಳ್ಳಿ. ಅದು ಮೈಯ ಬಿಸಿಯಾದ 37 ಡಿಗ್ರಿಗೆ ಇಳಿಯುವಷ್ಟರಲ್ಲಿ ಕೊಡಬಲ್ಲ ಶಾಖ ಸುಮಾರು 6,700 ಜೂಲ್. ಇನ್ನೊಂದು ಕಡೆ, ಒಂದೇ ಒಂದು ಗ್ರಾಂ ನೀರು ಆವಿಯಾಗಿ ಹೋಗಲು ಸುಮಾರು 2,400 ಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. ಅಂದರೆ ಟವೆಲ್ಲಿನ ಹೊರಮೈಯಿಂದ ಮೂರು ಗ್ರಾಂಗೂ ಕಡಿಮೆ ನೀರು ಆವಿಯಾದರೆ ಸಾಕು, ಅಷ್ಟೂ ಬಿಸಿ ಖಾಲಿ. ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿದ್ದರೆ ಇದಕ್ಕೆ ಹೆಚ್ಚು ಹೊತ್ತು ಬೇಡ. ನಾವು ಮೆಚ್ಚಿ ನೋಡುವ ಆ ಹಬೆಯೇ ಟವೆಲ್ಲಿನ ಶಾಖವನ್ನು ಕದ್ದೊಯ್ಯುತ್ತಿರುತ್ತದೆ. ಅನುಭವಿ ಕ್ಷೌರಿಕರು ಟವೆಲ್ಲನ್ನು ಎರಡು ಮೂರು ಪದರ ಮಡಚಿ, ಮೂಗಿಗೆ ಜಾಗ ಬಿಟ್ಟು ಸುತ್ತಿ, ಅಂಗೈಯಿಂದ ಅದುಮಿ ಹಿಡಿಯುತ್ತಾರಲ್ಲ, ಅದಕ್ಕೆ ಕಾರಣ ಇದೇ. ಮೇಲೊಂದು ಒಣ ಟವೆಲ್ ಹೊದಿಸಿದರೆ ಇನ್ನೂ ಒಳ್ಳೆಯದು. ಫ್ಯಾನು ಆರಿಸಿದರೆ ಮತ್ತೂ ಒಳ್ಳೆಯದು. ಒಂದು ಆರಿದ ಕೂಡಲೇ ಇನ್ನೊಂದನ್ನು ಹಾಕುವುದು ಎಲ್ಲಕ್ಕಿಂತ ಮೇಲು.

ಜಪಾನಿನಲ್ಲಿ ಈ ಕ್ರಮವನ್ನು ಶ್ರದ್ಧೆಯಿಂದ ಉಳಿಸಿಕೊಂಡಿದ್ದಾರೆ. ಅಲ್ಲಿನ 1947ರ ಕ್ಷೌರಿಕರ ಕಾಯ್ದೆ ಮುಖದ ಕ್ಷೌರವನ್ನು ಆ ವೃತ್ತಿಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಆವಿಯಲ್ಲಿ ಕಾಯಿಸಿದ ಟವೆಲ್ ಅಲ್ಲಿ ಕ್ಷೌರದ ಅವಿಭಾಜ್ಯ ಅಂಗ.

ಎಷ್ಟು ಬಿಸಿ ಇರಬೇಕು? ಇಲ್ಲಿ ಜಾಗರೂಕತೆ ಬೇಕು. 1947ರಲ್ಲಿ ಮೋರಿಟ್ಸ್ ಮತ್ತು ಹೆನ್ರಿಕೆಸ್ ಎಂಬ ವಿಜ್ಞಾನಿಗಳು ಚರ್ಮ ಸುಡುವುದಕ್ಕೆ ಶಾಖ ಮತ್ತು ಸಮಯ ಎರಡೂ ಹೇಗೆ ಸೇರಿ ಕಾರಣವಾಗುತ್ತವೆ ಎಂದು ಅಳೆದರು. 44 ಡಿಗ್ರಿಯ ಮೇಲ್ಮೈ ಚರ್ಮವನ್ನು ಸುಡಲು ಸುಮಾರು ಆರು ಗಂಟೆ ಬೇಕು. 60 ಡಿಗ್ರಿಗೆ ಐದು ಸೆಕೆಂಡು ಸಾಕು. ನಡುವಿನ ಹದಿನಾರು ಡಿಗ್ರಿಯಲ್ಲಿ ಗಂಟೆಗಳು ಸೆಕೆಂಡುಗಳಾಗಿಬಿಡುತ್ತವೆ. ನಮ್ಮ ನರತುದಿಗಳಲ್ಲಿ ಸುಮಾರು 43 ಡಿಗ್ರಿಗೆ ಎಚ್ಚರಗೊಳ್ಳುವ ಒಂದು ಗ್ರಾಹಕವಿದೆ. ಮೆಣಸಿನಕಾಯಿಯ ಖಾರಕ್ಕೆ ಉರಿಯುವುದೂ ಅದೇ. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಗುರುತಿಸಿತು. 2021ರ ವೈದ್ಯಕೀಯ ನೊಬೆಲ್ ಅವರಿಗೆ ಅರ್ಡೆಮ್ ಪಟಪೂಟಿಯನ್ ಜೊತೆಯಲ್ಲಿ ಬಂತು. ಪ್ರಕೃತಿ ಎಚ್ಚರಿಕೆಯ ಗಂಟೆಯನ್ನು ಎಷ್ಟು ಸರಿಯಾದ ಜಾಗದಲ್ಲಿ ಕಟ್ಟಿದೆ ನೋಡಿ: ಅಪಾಯ ಶುರುವಾಗುವ ಅಂಚಿನಲ್ಲೇ. ಹಿತವಾಗಿ ಬೆಚ್ಚಗಿದೆ ಎನ್ನುವಷ್ಟು ಬಿಸಿ ಕೂದಲಿಗೆ ಪೂರ್ತಿ ಸಾಕು. ಚುರ್ ಎಂದರೆ ತಡೆದುಕೊಳ್ಳುವ ಶೌರ್ಯ ಬೇಡ. ಟವೆಲ್ಲನ್ನು ಮೊದಲು ಮುಂಗೈಯ ಒಳಬದಿಗೆ ಮುಟ್ಟಿಸಿ ನೋಡಬೇಕು. ಮೈಕ್ರೋವೇವಿನಲ್ಲಿ ಕಾಯಿಸುವವರು ಇನ್ನೂ ಹೆಚ್ಚು ಹುಷಾರಾಗಿರಬೇಕು. ಅದರ ಶಾಖ ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ, ಮೇಲೆ ಬೆಚ್ಚಗಿದ್ದ ಟವೆಲ್ಲಿನ ಒಳಮಡಿಕೆ ಕುದಿಯುತ್ತಿರಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಗ್ಗಿದ ಹಿರಿಯರ ಬೆರಳು ಈ ಪರೀಕ್ಷೆಗೆ ಸಾಲದು, ಮನೆಯವರೇ ಮುಟ್ಟಿ ನೋಡಬೇಕು.

ನೀರು ಕೂದಲಿಗಷ್ಟೇ ಅಲ್ಲ, ಚರ್ಮಕ್ಕೂ ಇಳಿಯುತ್ತದೆ. ಚರ್ಮದ ಮೇಲ್ಪದರವೂ ಕೆರಾಟಿನ್ನಿನದೇ, ತೀರಾ ತೆಳು. ಅದರ ಕೆಳಗಿನ ಗಟ್ಟಿ ಹಾಸು ಕೊಲಾಜನ್ ಎಂಬ ಇನ್ನೊಂದು ಪ್ರೋಟೀನು. ಅದು ಮೂರು ಎಳೆಗಳು ಹುರಿಗೊಂಡ ಸುರುಳಿ ಎಂದು 1950ರ ದಶಕದಲ್ಲಿ ಮದರಾಸಿನಲ್ಲಿ ಕಂಡುಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಟವೆಲ್ಲಿನ ಶಾಖ ಕೊಲಾಜನ್ನನ್ನು ಅಲುಗಿಸುವಂಥದಲ್ಲ. ಮೇಲ್ಪದರ ಮಾತ್ರ ಮೆತ್ತಗಾಗುತ್ತದೆ, ಬಾಗಿ ಕೊಡುತ್ತದೆ. ಕತ್ತಿಗೆ ಇದು ಅನುಕೂಲ. ಆದರೆ ಹದ ಮೀರಿದರೆ ಅದೇ ಮೆದುತನ ಗಾಯಕ್ಕೆ ಎಡೆ ಕೊಡುತ್ತದೆ. ಬಹಳ ಹೊತ್ತು ಬಟ್ಟೆ ಒಗೆದ ಕೈ ನೋಡಿದವರಿಗೆ ಇದು ಗೊತ್ತು. ಕೂದಲು ಕೆಲವು ನಿಮಿಷಗಳಲ್ಲಿ ತೃಪ್ತವಾಗುತ್ತದೆ, ಆಮೇಲೆ ಟವೆಲ್ ಇಟ್ಟಷ್ಟೂ ಗಡ್ಡಕ್ಕೆ ಲಾಭವಿಲ್ಲ, ಚರ್ಮಕ್ಕೆ ದಣಿವು.

ಗುಂಗುರು ಗಡ್ಡದವರಿಗೆ ಈ ಹದ ಇನ್ನೂ ಮುಖ್ಯ. ಕತ್ತರಿಸಿದ ಚೂಪು ತುದಿ ಸುರುಳಿ ತಿರುಗಿ ಮತ್ತೆ ಚರ್ಮದೊಳಗೆ ಚುಚ್ಚಿಕೊಂಡು ಗುಳ್ಳೆಯಾಗುವ ತೊಂದರೆ ಅವರಿಗೆ ಹೆಚ್ಚು. ಕ್ಷೌರಕ್ಕೆ ಮೊದಲು ಬೆಚ್ಚಗಿನ ಒದ್ದೆಬಟ್ಟೆ ಇಟ್ಟುಕೊಳ್ಳಿ, ಅಥವಾ ಸ್ನಾನ ಮಾಡಿದ ಮೇಲೆ ಕ್ಷೌರ ಮಾಡಿಕೊಳ್ಳಿ ಎಂದು ಚರ್ಮವೈದ್ಯರು ಹೇಳುವುದು ಬರಿಯ ಸುಖಕ್ಕಲ್ಲ.

ಗಡ್ಡದ ಎದುರು ನಿಂತ ಉಕ್ಕಿನ ಕಥೆಯೂ ಉಂಟು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಡಸು. ಆದರೂ ಕೆಲವು ಕ್ಷೌರಗಳಲ್ಲೇ ಬ್ಲೇಡು ಮೊಂಡಾಗುತ್ತದೆ. ಈ ಒಗಟನ್ನು ಬಿಡಿಸಹೊರಟವರು ಅಮೆರಿಕದ ಎಂಐಟಿ ಸಂಸ್ಥೆಯ ಜಿಯಾನ್ಲೂಕಾ ರೊಶ್ಯೋಲಿ, ಸೆಮ್ ತಾಸಾನ್ ಮತ್ತು ಸಂಗಡಿಗರು. ರೊಶ್ಯೋಲಿ ತಮ್ಮದೇ ಗಡ್ಡ ಹೆರೆದುಕೊಂಡು ಪ್ರತಿ ಸಲವೂ ಬ್ಲೇಡಿನ ಅಂಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಂಚು ಉಜ್ಜಿ ದುಂಡಗಾಗಿರಬಹುದು ಎಂಬ ಸಾಮಾನ್ಯ ನಿರೀಕ್ಷೆಗೆ ವಿರುದ್ಧವಾಗಿ, ಅಲ್ಲಲ್ಲಿ ಚಿಕ್ಕ ಚಿಕ್ಕ ಚಕ್ಕೆಗಳು ಎದ್ದುಹೋಗಿದ್ದವು. ಸೂಕ್ಷ್ಮದರ್ಶಕದೊಳಗೇ ಕೂದಲು ಕತ್ತರಿಸುವ ಪುಟ್ಟ ಸಾಧನ ಮಾಡಿ ನೋಡಿದಾಗ ಕಾರಣ ತಿಳಿಯಿತು. ಬ್ಲೇಡು ಓರೆಯಾಗಿ ಬಂದು, ಕೂದಲು ಬಾಗಿಕೊಂಡು ಅಂಚಿನ ಒಂದು ಬದಿಗೆ ಒತ್ತಿದಾಗ, ಉಕ್ಕಿನೊಳಗೆ ರಚನೆ ಏಕರೂಪವಾಗಿಲ್ಲದ ದುರ್ಬಲ ಜಾಗವೊಂದು ಅಲ್ಲಿ ಸಿಕ್ಕಿದರೆ, ಚಕ್ಕೆ ಏಳುತ್ತದೆ. 2020ರ ಆಗಸ್ಟಿನಲ್ಲಿ ಈ ಪ್ರಬಂಧ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಆ ಪ್ರಯೋಗ ಟವೆಲ್ಲಿನ ಬಗ್ಗೆ ಮಾಡಿದ್ದಲ್ಲ. ಅದನ್ನು ನೇರ ಪುರಾವೆಯೆಂದು ಎಳೆದುತರುವುದು ತಪ್ಪು. ಆದರೆ ಅದು ಯೋಚನೆಗೆ ದಾರಿ ಮಾಡುತ್ತದೆ. ನೆನೆದ ಕೂದಲು ಕಡಿಮೆ ಬಲಕ್ಕೆ ತುಂಡಾಗುತ್ತದೆ, ಅಂಚಿನ ಮೇಲಿನ ಭಾರ ಇಳಿಯುತ್ತದೆ. ಅದೇ ಹೊತ್ತಿಗೆ, ನೆನೆದ ಕೂದಲು ಬೇಗ ಬಾಗುತ್ತದೆ ಕೂಡ. ಬಾಗದಂತೆ ಆಸರೆ ಕೊಡಬೇಕಾದ್ದು ನೊರೆ. ಆದ್ದರಿಂದ ಟವೆಲ್ ತೆಗೆದ ಮೇಲೆ ನೊರೆ ತೆಳುವಾಗಿದ್ದರೆ ಅರ್ಧ ಶ್ರಮ ವ್ಯರ್ಥ ಎಂದು ನನ್ನ ಎಣಿಕೆ. ತಡ ಮಾಡಿದರೂ ಹಾಗೆಯೇ. ಗಾಳಿಗೆ ಬಿಟ್ಟ ಕೂದಲು ಕುಡಿದ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಟವೆಲ್ ತೆಗೆದು, ಮುಖ ಒರೆಸಿ, ಫೋನಿಗೆ ಉತ್ತರ ಕೊಟ್ಟು, ಆಮೇಲೆ ಬ್ರಷ್ ಹುಡುಕಿದರೆ ಗಡ್ಡ ಮತ್ತೆ ಬಿರುಸಿನ ದಾರಿ ಹಿಡಿದಿರುತ್ತದೆ. ಟವೆಲ್ ಹೋದ ಜಾಗಕ್ಕೆ ನೊರೆ ಕೂಡಲೇ ಬರಬೇಕು. ನೊರೆಯೆಂದರೆ ಗುಳ್ಳೆಗಳ ನಡುವೆ ಹಿಡಿದಿಟ್ಟ ನೀರೇ. ಅದರೊಳಗಿನ ಗ್ಲಿಸರಿನ್ ಆ ನೀರು ಆರದಂತೆ ಕಾಯುತ್ತದೆ.

ಕೊನೆಯದಾಗಿ, ಯಾವ ಅಂಗಡಿಯಲ್ಲೂ ಸಂಕೋಚವಿಲ್ಲದೆ ಕೇಳಬೇಕಾದ ಒಂದು ಪ್ರಶ್ನೆಯಿದೆ: ಈ ಟವೆಲ್ ಒಗೆದದ್ದೇ? ಕ್ಷೌರದ ಬ್ಲೇಡು ಬದಲಾಯಿಸಿದರೇ ಎಂದು ಈಗ ಎಲ್ಲರೂ ನೋಡುತ್ತಾರೆ. ರಕ್ತದಿಂದ ಹರಡುವ ರೋಗಗಳ ಭಯ ಆ ಅರಿವನ್ನು ತಂದಿದೆ. ಟವೆಲ್ ಕಡೆಗೆ ಅಷ್ಟು ಗಮನವಿಲ್ಲ. ಬೆಚ್ಚಗೆ, ಒದ್ದೆಯಾಗಿ, ಚರ್ಮದ ಚೂರುಗಳನ್ನು ಹೊತ್ತು ಮೂಲೆಯಲ್ಲಿ ಬಿದ್ದ ಬಟ್ಟೆ ಬ್ಯಾಕ್ಟೀರಿಯಗಳಿಗೆ ಒಳ್ಳೆಯ ನೆಲೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಜೀವಿ ಗಡ್ಡದ ಕೂದಲಿನ ಬುಡಕ್ಕೆ ಇಳಿದು ಕೀವುಗುಳ್ಳೆ ಎಬ್ಬಿಸಬಲ್ಲದು. ಕ್ಷೌರಿಕರ ತುರಿಕೆ ಎಂಬ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಮುಖಕ್ಕೆ ಹಿತವಾಗುವ 45 ಡಿಗ್ರಿ ಶಾಖ ಅದನ್ನು ಕೊಲ್ಲುವಂಥದಲ್ಲ, ಆದ್ದರಿಂದ ಬಿಸಿ ಮಾಡಿದೆವಲ್ಲ ಎಂಬ ಸಮಾಧಾನ ಸಲ್ಲದು. ಒಬ್ಬರಿಗೆ ಬಳಸಿದ ಟವೆಲ್ ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆಯದೆ, ಬಿಸಿಲಿಗೆ ಗರಿಗರಿಯಾಗಿ ಒಣಗದೆ ಇನ್ನೊಬ್ಬರ ಮುಖಕ್ಕೆ ಹೋಗಬಾರದು. ಮನೆಯಲ್ಲಾದರೆ ಕ್ಷೌರಕ್ಕೆಂದೇ ಬೇರೆ ಎರಡು ಚಿಕ್ಕ ಟವೆಲ್ ಇಟ್ಟುಕೊಂಡು, ಒಂದು ಒಣಗುತ್ತಿರುವಾಗ ಇನ್ನೊಂದನ್ನು ಬಳಸಿದರೆ ಸಾಕು.